ಮನೆಯ ಕಾಯಿಲೆ ಮುಚ್ಚಿಡಬೇಡಿ

ಅವ್ವನಿಗೆ ಸ್ತನ ಕ್ಯಾನ್ಸರ್ ಆಗಿತ್ತೆಂಬುದನ್ನು ಮಗಳ ಲಗ್ನ ಮುಗಿಯುವವರೆಗೂ ಬಾಯಿಬಿಡದ ಮನೆಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಸಂಬಂಧ ತಪ್ಪೀತೆಂಬ ಅಂಜಿಕೆ ಅರ್ಥವಾಗುವಂಥದ್ದೇ. ಆದರೆ ಎಲ್ಲರಿಗಿಂತ ಮೊದಲು ತಪಾಸಣೆ ಬೇಕಾದದ್ದು ಆ ಮಗಳಿಗೆ.

ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 5ರಿಂದ 10 ಮಾತ್ರ ವಂಶಪಾರಂಪರ್ಯವಾಗಿ ಬರುವಂಥವು. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಬರುತ್ತದೆಂದಲ್ಲ. ಅವ್ವ, ಅಕ್ಕ, ಚಿಗವ್ವ ಎಂದು ಇಬ್ಬರು ಮೂವರಿಗೆ, ಅದರಲ್ಲೂ 50 ದಾಟುವ ಮೊದಲೇ ಬಂದಿದ್ದರೆ ತಪಾಸಣೆಗೆ ತಡ ಮಾಡಬಾರದು. ನೋವಿಲ್ಲವೆಂದು ಸುಮ್ಮನಿರಲೂಬಾರದು; ಸ್ತನದಲ್ಲಿ ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ವ್ಯವಸ್ಥೆಯಲ್ಲೇ ಇದೆ. ಆದರೆ ಆಶಾ ಕಾರ್ಯಕರ್ತೆ ಮನೆಗೆ ತರುವ ನಮೂನೆಯಲ್ಲಿ ಒಂದು ಕೊರತೆಯಿದೆ. ಹೆತ್ತವರಿಗೆ, ಒಡಹುಟ್ಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗ ಇದೆಯೇ ಎಂದು ಅದು ಕೇಳುತ್ತದೆ. ಕ್ಯಾನ್ಸರ್ ಇತ್ತೇ ಎಂದು ಕೇಳುವುದಿಲ್ಲ. ಆರೋಗ್ಯ ಇಲಾಖೆ ಆ ಪ್ರಶ್ನೆ ಸೇರಿಸಬೇಕು.

ಅಲ್ಲಿಯವರೆಗೆ ಕೋಟುಮಚಗಿಯ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕೇಳದಿದ್ದರೂ ನೀವೇ ಹೇಳಿ: ಯಾರಿಗೆ ಬಂದಿತ್ತು, ಯಾವ ಅಂಗಕ್ಕೆ, ಎಷ್ಟನೇ ವಯಸ್ಸಿಗೆ. ಸಂಶಯವಿದ್ದರೆ ಗದಗಿನ ಜಿಮ್ಸ್ ಆಸ್ಪತ್ರೆ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಈ ಸುಗ್ಗಿ ಮುಗಿಯಲಿ ಎಂದು ಮುಂದೂಡಬೇಡಿ.