‘ಪಿಂಗ್’ ಅವರದು, ಸರಿ. ‘ಠಣ್’ ಯಾರದು?



ಒಂದು ಸಣ್ಣ ಲೆಕ್ಕ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ದಿನಕ್ಕೆ ಎಷ್ಟು ಸಲ ‘ಪಿಂಗ್ ಮಾಡು’ ಅನ್ನುತ್ತೀರಿ? ‘ಮನೆ ಸೇರಿದ ಮೇಲೆ ಪಿಂಗ್ ಮಾಡು’, ‘ಮ್ಯಾನೇಜರಿಗೆ ಒಂದು ಪಿಂಗ್ ಹಾಕು’, ‘ನಾನೇ ಪಿಂಗ್ ಮಾಡ್ತೀನಿ ಮಚ್ಚಾ’. ಬೆಳಿಗ್ಗೆ ಮಾಲೂರು ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುವಾಗ ಶುರುವಾದ ಈ ಪಿಂಗು ರಾತ್ರಿ ಮುಳಬಾಗಿಲಿನಲ್ಲಿ ಬಸ್ಸು ಇಳಿಯುವವರೆಗೂ ನಿಲ್ಲುವುದಿಲ್ಲ. ಆಡಿ. ನಿಮ್ಮ ಬಾಯಿಗೆ ಬೀಗ ಹಾಕಲು ನಾವು ಬಂದಿಲ್ಲ. ಆದರೆ ಈ ಪಿಂಗ್ ಅಂದರೇನು, ಅದು ಯಾರ ಗಂಟಲಿನಿಂದ ಹೊರಟು ನಿಮ್ಮ ನಾಲಿಗೆಗೆ ಬಂದು ಕೂತಿತು ಎಂದು ಒಂದು ದಿನವಾದರೂ ಕೇಳಿದ್ದೀರಾ?

ಕೇಳಿಲ್ಲವಾದರೆ ಈಗ ಕೇಳಿ. ಪಿಂಗ್ ಅನ್ನುವುದು ಯಾವ ಮಹಾಪಂಡಿತನೂ ಟಂಕಿಸಿದ ಪದವಲ್ಲ. ಅದೊಂದು ಬರಿಯ ಸದ್ದು!

ಗುಂಡಿನ ಸದ್ದು ಆಫೀಸಿಗೆ ಬಂದ ಕತೆ

19ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷರು ಬಂದೂಕಿನ ಗುಂಡು ಬಂದು ಬಡಿಯುವ ಸದ್ದನ್ನು ಬಾಯಲ್ಲಿ ಅನುಕರಿಸಿ ‘ಪಿಂಗ್’ ಎಂದರು. ಅದಕ್ಕೆ ಗ್ರೀಕ್ ಮೂಲವಿಲ್ಲ, ಲ್ಯಾಟಿನ್ ಧಾತುವಿಲ್ಲ, ಹಿಂದೆ ಮುಂದೆ ಯಾವ ವಂಶಾವಳಿಯೂ ಇಲ್ಲ. ಕಿವಿಗೆ ಬಿದ್ದದ್ದನ್ನು ನಾಲಿಗೆ ಹೇಳಿತು, ಅಷ್ಟೇ.

1900ರ ಸುಮಾರಿಗೆ ಊಟದ ಮೇಜಿನ ಮೇಲೆ ಸಣ್ಣ ಚೆಂಡು ಬಡಿದಾಡುವ ಆಟ ಅಲ್ಲಿ ಜನಪ್ರಿಯವಾಯಿತು. ಚೆಂಡಿನ ಸದ್ದೇ ಆಟದ ಹೆಸರಾಗಿ ‘ಪಿಂಗ್ ಪಾಂಗ್’ ಬಂತು. ಲಂಡನ್ನಿನ ಆಟದ ಸಾಮಾನಿನ ಕಂಪನಿಯೊಂದು ಅದನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡು ಕಾಸು ಮಾಡಿತು. 1971ರಲ್ಲಿ ಅಮೆರಿಕದ ಟೇಬಲ್ ಟೆನಿಸ್ ತಂಡ ಚೀನಾಕ್ಕೆ ಹೋಗಿ ಆಡಿದ್ದರಿಂದ ಎರಡು ದೇಶಗಳ ಹಗೆತನ ಸಡಿಲವಾಯಿತು. ಪತ್ರಿಕೆಗಳು ಅದಕ್ಕೆ ‘ಪಿಂಗ್ ಪಾಂಗ್ ರಾಜತಂತ್ರ’ ಎಂದು ಹೆಸರಿಟ್ಟವು. ಆ ಹೊತ್ತಿಗೆ ಚೆಂಡಿನ ಸದ್ದು ರಾಯಭಾರಿಗಳ ಕೋಣೆಗೇ ನುಗ್ಗಿತ್ತು.

ಅದಕ್ಕೂ ಮುಂಚೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಈ ಪದಕ್ಕೆ ಇನ್ನೊಂದು ನೌಕರಿ ಸಿಕ್ಕಿತ್ತು. ನೀರಿನೊಳಗೆ ಅಡಗಿದ ಜಲಾಂತರ್ಗಾಮಿಯನ್ನು ಹುಡುಕಲು ಹಡಗಿನಿಂದ ಒಂದು ಸದ್ದು ಬಿಡುತ್ತಿದ್ದರು. ಅದು ಎಲ್ಲಿಗಾದರೂ ಬಡಿದು ಮಾರ್ದನಿಯಾಗಿ ವಾಪಸು ಬಂದರೆ ಅಲ್ಲಿ ಏನೋ ಇದೆ ಎಂದರ್ಥ. ಆ ಸದ್ದೂ ಪಿಂಗ್ ಆಯಿತು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಎಂಬಾತ ಒಂದು ಪುಟ್ಟ ಕಂಪ್ಯೂಟರ್ ಪ್ರೋಗ್ರಾಮ್ ಬರೆದ. ‘ಅಲ್ಲಿದ್ದೀಯಾ?’ ಎಂದು ಒಂದು ಕಂಪ್ಯೂಟರ್ ಕೇಳುತ್ತದೆ, ‘ಇದ್ದೇನೆ’ ಎಂದು ಇನ್ನೊಂದು ಉತ್ತರಿಸುತ್ತದೆ. ಹಡಗಿನ ಸದ್ದು ನೆನಪಿಸಿಕೊಂಡು ಆತ ಅದಕ್ಕೆ ಪಿಂಗ್ ಎಂದೇ ಹೆಸರಿಟ್ಟ. ಅಲ್ಲಿಂದ ಇಳಿದು ಬಂದದ್ದು ನೀವು ಈಗ ಮಾಡುತ್ತಿರುವ ಪಿಂಗು.

ನೋಡಿದಿರಾ? ಗುಂಡು, ಚೆಂಡು, ಹಡಗು, ಕಂಪ್ಯೂಟರು, ಕೊನೆಗೆ ನಿಮ್ಮ ಮ್ಯಾನೇಜರು! ಒಂದೇ ಒಂದು ಸದ್ದನ್ನು ಹಿಡಿದು ಅವರು ಇಷ್ಟು ದುಡಿಸಿಕೊಂಡರು. ‘ಛೆ, ಇದು ಮಕ್ಕಳ ಮಾತು’ ಎಂದು ನಾಚಲಿಲ್ಲ. ಹೊಸ ವಸ್ತು ಬಂದಾಗ ಹೆಸರಿಗಾಗಿ ಬೇರೆಯವರ ಬಾಗಿಲು ತಟ್ಟಲಿಲ್ಲ. ತಮ್ಮ ಕಿವಿಯನ್ನು ತಾವು ನಂಬಿದರು.

ಕೈ ನಮ್ಮದು, ಹೆಸರು ಅವರದು

ಈಗ ಬೆಂಗಳೂರಿನಿಂದ ಕೋಲಾರದ ಹೆದ್ದಾರಿಯಲ್ಲಿ ಬನ್ನಿ. ದಾರಿಯಲ್ಲಿ ನರಸಾಪುರ ಸಿಗುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ವಿಸ್ಟ್ರಾನ್ ಕಂಪನಿ 2020ರಲ್ಲಿ ಐಫೋನ್ ಜೋಡಿಸುವ ಕೆಲಸ ಶುರು ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರ ಸಿಟ್ಟು ಸ್ಫೋಟಗೊಂಡಾಗ ದೇಶವೆಲ್ಲ ನರಸಾಪುರದ ಹೆಸರು ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಬಂತು. ಜಗತ್ತಿನ ಯಾವ ಮೂಲೆಯಲ್ಲೋ ಒಬ್ಬನ ಜೇಬಿನಲ್ಲಿ ‘ಪಿಂಗ್’ ಎನ್ನುವ ಫೋನು ನಮ್ಮ ಕೋಲಾರದ ನೆಲದಲ್ಲಿ ಜೋಡಣೆಯಾಗಿರಬಹುದು. ಸದ್ದು ಮಾಡುವ ಯಂತ್ರಕ್ಕೆ ನಮ್ಮ ನೆಲ ಬೇಕು, ನಮ್ಮ ನೀರು ಬೇಕು, ನಮ್ಮ ಕೈ ಬೇಕು. ಆ ಸದ್ದಿಗೆ ಹೆಸರಿಡಲು ಮಾತ್ರ ನಮ್ಮ ನಾಲಿಗೆ ಬೇಡವೇ?

ಈ ಪ್ರಶ್ನೆಯನ್ನು ಕಂಪನಿಗೆ ಕೇಳುತ್ತಿಲ್ಲ, ನಿಮಗೆ ಕೇಳುತ್ತಿದ್ದೇವೆ.

ಕಣಜ ತುಂಬಿದೆ, ಬೀಗದ ಕೈ ಕಳೆದಿದೆ

ಹೈಸ್ಕೂಲಿನಲ್ಲಿ ಪರೀಕ್ಷೆಗಾಗಿ ‘ಅನುಕರಣಾವ್ಯಯ’ ಎಂದು ಕಂಠಪಾಠ ಮಾಡಿ ಮರೆತಿರಲ್ಲ, ಅದೇ ಇದು. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗಲೇ ಅವ್ಯಯಕ್ಕೆ ಒಂದು ಪ್ರಕರಣವನ್ನು ಮೀಸಲಿಟ್ಟ. ಸದ್ದಿನ ಪದಗಳಿಗೂ ವ್ಯಾಕರಣದಲ್ಲಿ ಮಣೆ ಹಾಕಿದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆಗೆದು ನೋಡಿ. ಜರ್ಮನಿಯಿಂದ ಬಂದ ಆ ಪಾದ್ರಿ ನಮ್ಮ ಕಟಕಟ, ಗುಡುಗುಡುಗಳನ್ನು ಕಸ ಎಂದು ಎಸೆಯಲಿಲ್ಲ. ಒಂದೊಂದನ್ನೂ ಹೆಕ್ಕಿ, ಅನುಕರಣದ ಪದವೆಂದು ಗುರುತಿಸಿ, ಅರ್ಥ ಬರೆದಿಟ್ಟರು. ಹೊರಗಿನವರಿಗೆ ಮುತ್ತಾಗಿ ಕಂಡದ್ದು ಮನೆಯವರಿಗೆ ಹೊಟ್ಟಾಗಿ ಕಾಣುತ್ತಿದೆ!

ಈ ಪದಗಳ ಹಿಂದಿರುವ ಲೆಕ್ಕಾಚಾರ ನೋಡಿ. ‘ಠಣ್ಣನೆ’ ಅಂದರೆ ಒಂದೇ ಸಲ. ‘ಠಣಠಣ’ ಅಂದರೆ ಮತ್ತೆ ಮತ್ತೆ. ‘ಕಿಣಿಕಿಣಿ’ ಅಂದರೆ ಮಗುವಿನ ಕಾಲ ಗೆಜ್ಜೆ, ‘ಗಣಗಣ’ ಅಂದರೆ ಪೂಜೆಯ ಗಂಟೆ, ‘ಢಣಢಣ’ ಅಂದರೆ ಗುಡಿಯ ದೊಡ್ಡ ಗಂಟೆ. ಒಂದು ಸ್ವರ, ಒಂದು ವ್ಯಂಜನ ಬದಲಾಯಿಸಿದರೆ ಸಾಕು, ಗಂಟೆಯ ಗಾತ್ರವೇ ಬದಲಾಗುತ್ತದೆ. ಎಲ್ಲದಕ್ಕೂ ‘ಎನ್ನು’ ಎಂಬ ಒಂದು ಕ್ರಿಯಾಪದ ಸೇರಿಸಿದರೆ ವಾಕ್ಯ ಸಿದ್ಧ. ಇದಕ್ಕಿಂತ ಸಲೀಸಾದ ಪದಗಳ ಕಾರ್ಖಾನೆ ಬೇರೆ ಯಾವುದಿದೆ?

ಕನ್ನಡ ಸದ್ದಿನಲ್ಲೇ ನಿಲ್ಲುವುದೂ ಇಲ್ಲ. ಕಣ್ಣಿಗೆ ಥಳಥಳ, ಮೂಗಿಗೆ ಘಮಘಮ, ಗಾಯಕ್ಕೆ ಚುರುಚುರು, ಚಳಿಗೆ ಗಡಗಡ. ಸದ್ದೇ ಇಲ್ಲದಿದ್ದರೆ? ಅದಕ್ಕೂ ಪದವಿದೆ, ‘ಬಿಕೋ’! ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದ ಕೆರೆಗಳು ಎಷ್ಟೋ ವರ್ಷ ಬಿಕೋ ಎನ್ನುತ್ತಿದ್ದವು. 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ಕೆ.ಸಿ. ವ್ಯಾಲಿ ನೀರು ಬರತೊಡಗಿತು. ಬತ್ತಿದ ಕೆರೆಯ ಆ ಹೊಟ್ಟೆ ಉರಿಸುವ ಮೌನವನ್ನು ಮೂರೇ ಮಾತ್ರೆಯಲ್ಲಿ ಹೇಳುವ ಪದ ನಿಮ್ಮ ಇಂಗ್ಲಿಷಿನಲ್ಲಿದ್ದರೆ ತೋರಿಸಿ.

ಮಾಲೂರಿನ ಇಟ್ಟಿಗೆ, ಶ್ರೀನಿವಾಸಪುರದ ಮಾವು

ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಇಟ್ಟಿಗೆ ಕೊಳ್ಳುವ ಮೇಸ್ತ್ರಿ ಎರಡನ್ನು ಎತ್ತಿ ಒಂದಕ್ಕೊಂದು ಬಡಿಯುತ್ತಾನೆ. ‘ಠಣ್’ ಎಂದರೆ ಚೆನ್ನಾಗಿ ಬೆಂದಿದೆ. ‘ಡಬ್’ ಎಂದರೆ ಹಸಿ, ಗೋಡೆಗೆ ಬೇಡ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯೂ ಬೆರಳ ಗೆಣ್ಣಿನಿಂದ ತಟ್ಟಿಯೇ ಕೊಳ್ಳುವುದು. ಸದ್ದು ಕಳಿಸಿ, ವಾಪಸು ಬಂದ ಸದ್ದಿನಿಂದ ಒಳಗಿನ ಗುಟ್ಟು ತಿಳಿಯುವುದು. ಹಡಗಿನವರು ಲಕ್ಷಾಂತರ ಖರ್ಚು ಮಾಡಿ ಸಮುದ್ರದಲ್ಲಿ ಮಾಡಿದ್ದಕ್ಕೂ ನಮ್ಮ ಅಜ್ಜಿ ಸಂತೆಯಲ್ಲಿ ಮಾಡಿದ್ದಕ್ಕೂ ತತ್ವದಲ್ಲಿ ಎಷ್ಟು ದೂರ? ಅವರ ಪಿಂಗಿಗೆ ವಿಜ್ಞಾನದ ಪಟ್ಟ, ನಮ್ಮ ಠಣ್ಣಿಗೆ ಹಳ್ಳಿಗಮಾರನ ಪಟ್ಟ!

ಶ್ರೀನಿವಾಸಪುರದ ಮಾವಿನ ತೋಪಿಗೆ ಹೋಗಿ ಕಣ್ಣು ಮುಚ್ಚಿ ನಿಲ್ಲಿ. ಎಳೆಗಾಯಿ ‘ಟಪ್’ ಎಂದು ಬೀಳುತ್ತದೆ, ಬಲಿತದ್ದು ‘ದೊಪ್’ ಎಂದು, ಕಳಿತ ಹಣ್ಣು ‘ಪಚಕ್’ ಎಂದು. ತೋಟದವನಿಗೆ ಬಗ್ಗಿ ನೋಡುವ ಅಗತ್ಯವೇ ಇಲ್ಲ. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಈ ನೆಲದ ಸದ್ದಿಗೆ ದೆಹಲಿ ಎದ್ದು ನಿಂತು ಗೌರವ ಕೊಟ್ಟಿತು. ಆ ಸದ್ದನ್ನು ಹೇಳುವ ನಮ್ಮ ಪದಗಳಿಗೆ ನಾವು ಕೊಡುವ ಗೌರವ ಎಷ್ಟು?

ತಪ್ಪಿತಸ್ಥರು ಇಬ್ಬರು

ಮೊದಲನೆಯವರು ‘ಡಬ್, ದೊಪ್ ಎಲ್ಲ ಲೋಕಲ್ ಕಣೋ’ ಎಂದು ಮೂಗು ಮುರಿಯುವ ಇಂಗ್ಲಿಷ್ ಮೋಹಿಗಳು. ಇವರಿಗೆ ‘ಪಿಂಗ್’ ಸ್ಟೈಲು, ‘ಟಿಣ್’ ನಾಚಿಕೆ. ಎರಡೂ ಸದ್ದೇ ಅಲ್ಲವೇ ಮಾರಾಯರೇ? ಒಂದು ಸದ್ದು ಇನ್ನೊಂದಕ್ಕಿಂತ ಮೇಲ್ಜಾತಿಯಾದದ್ದು ಯಾವಾಗ?

ಎರಡನೆಯವರು ನಮ್ಮವರೇ. ಹೊಸ ವಸ್ತು ಬಂದ ಕೂಡಲೇ ಸಂಸ್ಕೃತದ ಕೋಶ ಬಿಚ್ಚಿ ಕೂರುವ ಪಂಡಿತರು. ಕಂಪ್ಯೂಟರ್ ಬಂದರೆ ಗಣಕಯಂತ್ರ, ಮೊಬೈಲ್ ಬಂದರೆ ಸಂಚಾರಿ ದೂರವಾಣಿ. ಬೋರ್ಡಿನ ಮೇಲೆ ಚೆನ್ನ, ಬಾಯಿಗೆ ಬರಲೊಲ್ಲದು. ಜನ ಯಾವ ಸಮಿತಿಗೂ ಕಾಯದೆ ಹೆಸರಿಟ್ಟದ್ದನ್ನು ಇವರು ನೋಡಲೇ ಇಲ್ಲ. ಮೋಟಾರ್ ಸೈಕಲ್ ಹಳ್ಳಿಗೆ ಬಂದಾಗ ಜನ ಅದರ ಸದ್ದು ಕೇಳಿ ‘ಫಟಫಟಿ’ ಎಂದರು. ಹುಕ್ಕಾ ‘ಗುಡುಗುಡಿ’ಯಾಯಿತು. ಮನೆ ಮುಂದೆ ನಿಂತು ಭವಿಷ್ಯ ಹೇಳುವವರ ಕೈಯ ವಾದ್ಯ ‘ಬುಡುಬುಡಿಕೆ’ಯಾಯಿತು, ಅದು ಒಂದು ಸಮುದಾಯದ ಹೆಸರೂ ಆಯಿತು. ಸದ್ದಿಗೆ ನಾಮಕರಣ ಮಾಡುವ ಪುರೋಹಿತರು ನಮ್ಮ ಓಣಿಯಲ್ಲೇ ಇದ್ದರು!

ಗಡಿಯಿಲ್ಲದ ಪದಗಳು

‘ಕೋಲಾರದವರೇ? ನಿಮ್ಮದು ತೆಲುಗು ತಾನೆ?’ ಎಂದು ಬೆಂಗಳೂರಿನಲ್ಲಿ ಕೊಂಕು ಆಡುವವರಿದ್ದಾರೆ. ಅವರಿಗೂ ಉತ್ತರ ಈ ಪದಗಳಲ್ಲೇ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಪಕ್ಕದಲ್ಲಿ ಆಂಧ್ರ, ಮಾಲೂರಿನ ಪಕ್ಕದಲ್ಲಿ ತಮಿಳುನಾಡು. ಇಲ್ಲಿ ಒಂದೇ ಬೀದಿಯಲ್ಲಿ ಮೂರು ನಾಲ್ಕು ಭಾಷೆ. ಸದ್ದನ್ನು ಜೋಡಿ ಮಾಡಿ ‘ಎನ್ನು’ವ ಈ ಚಾಳಿ ಭಾರತದ ಬೇರೆ ಬೇರೆ ಕುಲದ ಭಾಷೆಗಳಿಗೆಲ್ಲ ಸಮಾನವಾದದ್ದು ಎಂದು ಭಾಷಾವಿಜ್ಞಾನಿ ಎಮೆನೊ 1969ರಲ್ಲೇ ಬರೆದರು. ಹಾಗಾಗಿ ಠಣ್ ಎನ್ನಲು ನೆರೆಯವರನ್ನು ದ್ವೇಷಿಸಬೇಕಾಗಿಲ್ಲ. ಮನೆಮಾತು ತಮಿಳಾಗಿದ್ದ ಮಾಲೂರು ತಾಲ್ಲೂಕಿನ ಮಾಸ್ತಿಯವರು ಕನ್ನಡದ ಆಸ್ತಿಯಾದರು. ಮೈಕ್ ಮೂಸ್ ಪಿಂಗ್ ಬರೆದ ಅದೇ 1983ರ ಜ್ಞಾನಪೀಠ ಅವರದು. ಇಂಗ್ಲಿಷಿನಲ್ಲಿ ಪತ್ರಿಕೆ ನಡೆಸಿದ ಮುಳಬಾಗಿಲಿನ ಡಿ.ವಿ.ಜಿ. 1943ರಲ್ಲಿ ಮಂಕುತಿಮ್ಮನ ಕಗ್ಗವನ್ನು ಕೊಟ್ಟದ್ದು ಕನ್ನಡದಲ್ಲಿ. ಬೇರೆ ಭಾಷೆ ಬಂದರೆ ಕನ್ನಡ ಹೋಗುತ್ತದೆ ಎಂಬುದು ಸುಳ್ಳು. ಕನ್ನಡದ ಬಗ್ಗೆ ನಾಚಿಕೆ ಬಂದರೆ ಮಾತ್ರ ಕನ್ನಡ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು?

ಪಿಂಗನ್ನು ಗಡೀಪಾರು ಮಾಡಿ ಎಂದು ನಾವು ಹೇಳುವುದಿಲ್ಲ. ಬಸ್ಸು, ರೈಲು, ಟಿಕೆಟ್ಟು ಎಲ್ಲವನ್ನೂ ಜೀರ್ಣಿಸಿಕೊಂಡ ಭಾಷೆ ಇದು, ಒಂದು ಪಿಂಗಿಗೆ ಹೆದರುವುದಿಲ್ಲ. ನಮ್ಮ ಜಗಳ ಬೇರೆ. ಹೊಸದಕ್ಕೆ ಹೆಸರಿಡುವ ಹಕ್ಕನ್ನು ಬಿಟ್ಟುಕೊಟ್ಟ ಭಾಷೆ ಮೊದಲು ಆಫೀಸಿನಿಂದ ಹೊರಬೀಳುತ್ತದೆ, ಆಮೇಲೆ ಶಾಲೆಯಿಂದ, ಕೊನೆಗೆ ಅಡುಗೆಮನೆಯ ಮೂಲೆಯಲ್ಲಿ ಕೂರುತ್ತದೆ. ಅಲ್ಲಿಂದ ಅದನ್ನು ಎಬ್ಬಿಸಿ ತರಲು ಯಾವ ಸರ್ಕಾರದಿಂದಲೂ ಆಗುವುದಿಲ್ಲ.

ಆದ್ದರಿಂದ ನಾಳೆಯಿಂದಲೇ ಮೂರು ಕೆಲಸ ಮಾಡಿ.

ಒಂದು: ‘ಮನೆ ಸೇರಿದ ಮೇಲೆ ಒಂದು ಟಿಣ್ ಹಾಕು’ ಎಂದು ಗೆಳೆಯನಿಗೆ ಹೇಳಿ. ಮೊದಲ ದಿನ ನಗುತ್ತಾನೆ. ಹತ್ತನೆಯ ದಿನ ಅವನೇ ಹಾಕುತ್ತಾನೆ.

ಎರಡು: ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಇದೆ. ಇದುವರೆಗೆ ಒತ್ತಿಲ್ಲದಿದ್ದರೆ ಇವತ್ತೇ ಒತ್ತಿ.

ಮೂರು: ನೀವು ಆ್ಯಪ್ ಕಟ್ಟುವವರೋ, ಅಂಗಡಿ ಇಡುವವರೋ, ಯಂತ್ರ ಮಾಡುವವರೋ ಆಗಿದ್ದರೆ, ಹೆಸರಿಗಾಗಿ ಇಂಗ್ಲಿಷ್ ಡಿಕ್ಷನರಿ ತೆರೆಯುವ ಮುಂಚೆ ಅದು ಮಾಡುವ ಸದ್ದನ್ನು ಒಮ್ಮೆ ಕೇಳಿಸಿಕೊಳ್ಳಿ. ಅದನ್ನೇ ಕನ್ನಡದ ಅಕ್ಷರದಲ್ಲಿ ಬರೆದು ಬೋರ್ಡು ಹಾಕಿ.

ಇಂಗ್ಲಿಷರು ಗುಂಡಿನ ಸದ್ದಿನಿಂದ ಇಷ್ಟು ದೂರ ಬಂದರು. ನಮ್ಮ ಬಳಿ ಗೆಜ್ಜೆಯಿದೆ, ಗಂಟೆಯಿದೆ, ತಮಟೆಯಿದೆ, ಗುಡುಗಿದೆ. ಇಷ್ಟಿದ್ದೂ ಬಾಯಿ ಮುಚ್ಚಿಕೊಂಡು ಕೂತರೆ ನಾಳೆ ಕನ್ನಡದ ಬಗ್ಗೆ ಹೇಳಲು ಒಂದೇ ಪದ ಉಳಿಯುತ್ತದೆ: ಬಿಕೋ. ಆ ದಿನ ಬರಬಾರದು ಎನ್ನುವವರು ಈಗಲೇ ಸದ್ದು ಮಾಡಿ!