ಎಂಜಿನ್‌ನ ಫ್ರೀಜ್ ಪ್ಲಗ್ ಇರುವುದು ಚಳಿಯಿಂದ ಕಾಪಾಡಲಿಕ್ಕಾ? ಅದು ಸೋರಿದರೆ ಗೊತ್ತಾಗುವುದು ಹೇಗೆ?

ಕಾರಿನ ಕೂಲೆಂಟ್ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದೆ. ರೇಡಿಯೇಟರ್ ಸರಿಯಿದೆ, ಹೋಸ್‌ಗಳಲ್ಲೂ ಬಿರುಕಿಲ್ಲ. ಹೀಗಾದಾಗ ಗ್ಯಾರೇಜ್‌ನಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ‘ಹೆಡ್ ಗ್ಯಾಸ್ಕೆಟ್ ಹೋಗಿರಬೇಕು’ ಎಂಬುದು. ಅಂದರೆ ಎಂಜಿನ್‌ನ ತಲೆಭಾಗ ಬಿಚ್ಚಬೇಕು, ದಿನಗಟ್ಟಲೆ ಕೆಲಸ, ದೊಡ್ಡ ಬಿಲ್ಲು. ಆದರೆ ಕೆಲವೊಮ್ಮೆ ತಪ್ಪು ಹೆಡ್ ಗ್ಯಾಸ್ಕೆಟ್‌ನದ್ದಾಗಿರುವುದಿಲ್ಲ. ಬ್ಲಾಕ್‌ನ ಪಕ್ಕದಲ್ಲಿರುವ ಬಿಲ್ಲೆಯಂಥ ಒಂದು ಸಣ್ಣ ಲೋಹದ ಮುಚ್ಚಳ ತುಕ್ಕು ಹಿಡಿದು ತೂತಾಗಿರುತ್ತದೆ. ಇದೇ ಫ್ರೀಜ್ ಪ್ಲಗ್. ಕೋರ್ ಪ್ಲಗ್, ವೆಲ್ಚ್ ಪ್ಲಗ್ ಎಂದೂ ಕರೆಯುತ್ತಾರೆ. ಕೆಲವು ಗ್ಯಾರೇಜ್‌ಗಳಲ್ಲಿ ಬರೀ ‘ಡಮ್ಮಿ’ ಎನ್ನುತ್ತಾರೆ.

ಈ ಮುಚ್ಚಳದ ಬಗ್ಗೆ ಒಂದು ನಂಬಿಕೆ ಎಲ್ಲೆಡೆ ಇದೆ. ಚಳಿಗೆ ಎಂಜಿನ್ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಈ ಪ್ಲಗ್ ಹೊರಕ್ಕೆ ಚಿಮ್ಮಿ ಎಂಜಿನ್ ಒಡೆಯದಂತೆ ಕಾಪಾಡುತ್ತದೆ ಎಂಬುದೇ ಆ ನಂಬಿಕೆ. ಇದರಿಂದ ಇನ್ನೊಂದು ತೀರ್ಮಾನವೂ ಹುಟ್ಟಿಕೊಂಡಿದೆ: ನಮ್ಮ ಊರಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯೇ ಇಲ್ಲ, ಹಾಗಾಗಿ ಈ ಪ್ಲಗ್ ಬಗ್ಗೆ ನಾವು ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡೂ ತಪ್ಪು.

ತೂತು ಬಂದದ್ದು ಎಲ್ಲಿಂದ?

ಎಂಜಿನ್ ಬ್ಲಾಕನ್ನು ಕಬ್ಬಿಣ ಅಥವಾ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ದು ಮಾಡುತ್ತಾರೆ. ಸಿಲಿಂಡರ್‌ಗಳ ಸುತ್ತ ನೀರು ಹರಿಯಲು ಒಳಗೆ ಟೊಳ್ಳು ಜಾಗ ಬೇಕು. ಆ ಟೊಳ್ಳಿಗಾಗಿ ಮರಳನ್ನು ಗಟ್ಟಿಮಾಡಿ ತಯಾರಿಸಿದ ಒಳ ಅಚ್ಚನ್ನು ಇಡುತ್ತಾರೆ. ಇದಕ್ಕೆ ಕೋರ್ ಎಂದು ಹೆಸರು. ಕಾದ ಲೋಹ ಸುರಿಯುವಾಗ ಈ ಕೋರ್ ಅಲುಗಾಡದೆ ನಿಲ್ಲಬೇಕಾದರೆ ಅದಕ್ಕೆ ಹೊರಗಿನಿಂದ ಆಸರೆ ಬೇಕು. ಲೋಹ ತಣ್ಣಗಾದ ಮೇಲೆ ಒಳಗಿನ ಮರಳನ್ನು ಹೊರತೆಗೆಯಲು ದಾರಿಯೂ ಬೇಕು. ಬ್ಲಾಕ್‌ನ ಬದಿಗಳಲ್ಲಿ ಉಳಿಯುವ ದುಂಡನೆಯ ತೂತುಗಳು ಈ ಎರಡೂ ಕೆಲಸಕ್ಕೆ ಆಗುತ್ತವೆ.

ಮರಳು ತೆಗೆದಾದ ಮೇಲೆ ತೂತುಗಳನ್ನು ಮುಚ್ಚಬೇಕಲ್ಲ? ಹಳೆಯ ಕಾಲದಲ್ಲಿ ತಿರುಪು ಹಾಕುವ ಪ್ಲಗ್‌ಗಳಿದ್ದವು. 1900ರ ದಶಕದಲ್ಲಿ ಅಮೆರಿಕದ ವೆಲ್ಚ್ ಮೋಟರ್ ಕಾರ್ ಕಂಪನಿಯಲ್ಲಿ ತಗಡಿನ ಬಿಲ್ಲೆಯನ್ನು ತೂತಿನೊಳಗೆ ಬಡಿದು ಕೂರಿಸುವ ವಿಧಾನ ಬಂತು. ‘ವೆಲ್ಚ್ ಪ್ಲಗ್’ ಎಂಬ ಹೆಸರು ಅಲ್ಲಿಂದ ಬಂದದ್ದು. ಇಂದಿನ ಹೆಚ್ಚಿನ ಎಂಜಿನ್‌ಗಳಲ್ಲಿ ಸಣ್ಣ ಬಟ್ಟಲಿನ ಆಕಾರದ ಪ್ಲಗ್‌ಗಳಿವೆ.

ಅಂದರೆ ಈ ಪ್ಲಗ್ ಹುಟ್ಟಿದ್ದು ಎರಕದ ಅಗತ್ಯದಿಂದ. ಚಳಿಗೂ ಅದರ ಹುಟ್ಟಿಗೂ ಸಂಬಂಧವಿಲ್ಲ.

ಹಾಗಾದರೆ ಚಳಿಯ ಕಥೆ?

ಕಥೆಯಲ್ಲಿ ಅರ್ಧ ಸತ್ಯವಿದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ. ಶೀತ ದೇಶಗಳಲ್ಲಿ ಬರೀ ನೀರು ತುಂಬಿದ ಕಾರನ್ನು ರಾತ್ರಿ ಹೊರಗೆ ಬಿಟ್ಟರೆ ಬೆಳಿಗ್ಗೆ ಪ್ಲಗ್ ಹೊರಬಂದಿರುವುದುಂಟು. ಬಡಿದು ಕೂರಿಸಿದ ತೆಳು ತಗಡು ಬ್ಲಾಕ್‌ನ ಗೋಡೆಗಿಂತ ಮೊದಲು ಸಡಿಲವಾಗುವುದು ಸಹಜ. ಜನ ಕಂಡದ್ದು ಇದನ್ನೇ, ಹೆಸರಿಟ್ಟದ್ದೂ ಇದಕ್ಕೇ.

ಆದರೆ ಅದನ್ನು ರಕ್ಷಣೆ ಎಂದು ನಂಬುವಂತಿಲ್ಲ. ಮಂಜುಗಡ್ಡೆ ಎಲ್ಲೆಡೆ ಒಂದೇ ಹೊತ್ತಿಗೆ ಕಟ್ಟುವುದಿಲ್ಲ. ಪ್ಲಗ್‌ನಿಂದ ದೂರದ ಕಿರಿದಾದ ಜಾಗದಲ್ಲಿ ಒತ್ತಡ ಹೆಚ್ಚಾದರೆ ಪ್ಲಗ್ ಕದಲುವ ಮೊದಲೇ ಬ್ಲಾಕ್ ಸೀಳಬಹುದು. ಪ್ಲಗ್ ಹೊರಬಂದಿದ್ದೂ ಬ್ಲಾಕ್ ಒಡೆದ ಉದಾಹರಣೆಗಳು ಇವೆ. ನಿಜವಾಗಿ ಕಾಪಾಡುವುದು ಕೂಲೆಂಟ್. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಅರ್ಧರ್ಧ ಬೆರೆಸಿದ ದ್ರಾವಣ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ಹಾಗೆಂದು ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದು ಎಂದಲ್ಲ. ಅಪ್ಪಟ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ.

ನಮ್ಮಲ್ಲಿ ಪ್ಲಗ್ ಹಾಳಾಗುವುದು ತುಕ್ಕಿನಿಂದ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಎಂಜಿನ್ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಚಳಿಗಾಲದಲ್ಲಿ ಲಡಾಖ್ ಕಡೆ ಕಾರು ಒಯ್ಯುವವರಿಗೆ ಮಾತ್ರ ಅದು ನಿಜವಾದ ಚಿಂತೆ. ಆದರೂ ಇಲ್ಲಿನ ಹಳೆಯ ಕಾರುಗಳಲ್ಲಿ ಪ್ಲಗ್ ಸೋರುತ್ತದೆ, ಏಕೆಂದರೆ ಅದನ್ನು ತಿನ್ನುವುದು ತುಕ್ಕು.

‘ನಮ್ಮ ಹವೆಗೆ ಕೂಲೆಂಟ್ ಬೇಡ, ನೀರು ಸಾಕು’ ಎಂಬ ಮಾತಿನಿಂದ ತೊಂದರೆ ಶುರುವಾಗುತ್ತದೆ. ಕೂಲೆಂಟ್‌ನಲ್ಲಿ ಗ್ಲೈಕಾಲ್ ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳೂ ಇರುತ್ತವೆ. ಬರೀ ನಲ್ಲಿ ನೀರು ಹಾಕಿದರೆ ಆ ರಕ್ಷಣೆ ಇಲ್ಲ. ಬೋರ್‌ವೆಲ್ ನೀರಾದರೆ ಅದರಲ್ಲಿನ ಲವಣಗಳು ಒಳಗೆ ಬಿಳಿ ಪದರವಾಗಿ ಕಟ್ಟುತ್ತವೆ, ಕ್ಲೋರೈಡ್ ಅಂಶ ತುಕ್ಕನ್ನು ಚುರುಕುಗೊಳಿಸುತ್ತದೆ. ಕೂಲೆಂಟ್ ಹಾಕಿದ್ದರೂ ವರ್ಷಗಟ್ಟಲೆ ಬದಲಿಸದಿದ್ದರೆ ತುಕ್ಕು ತಡೆಯುವ ಅಂಶ ಮುಗಿದುಹೋಗುತ್ತದೆ. ಇಡೀ ಬ್ಲಾಕ್‌ನಲ್ಲಿ ತೀರಾ ತೆಳ್ಳಗಿರುವುದು ಈ ಉಕ್ಕಿನ ಪ್ಲಗ್. ಆದ್ದರಿಂದ ತೂತು ಮೊದಲು ಬೀಳುವುದು ಅಲ್ಲೇ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುವುದರಿಂದ ಸೋರುವ ಹಿಂದಿನ ದಿನವೂ ಪ್ಲಗ್ ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು.

ಪತ್ತೆ ಹಚ್ಚುವುದು ಹೇಗೆ?

ಎಂಜಿನ್ ಪೂರ್ತಿ ತಣ್ಣಗಿರುವಾಗ ಬ್ಲಾಕ್‌ನ ಬದಿಯನ್ನು ಟಾರ್ಚ್ ಹಾಕಿ ನೋಡಿ. ಪ್ಲಗ್‌ನ ಕೆಳಗೆ ತುಕ್ಕಿನ ಗೆರೆ, ಕೂಲೆಂಟ್‌ನ ಹಸಿರು ಅಥವಾ ಕೆಂಪು ಬಣ್ಣದ ಕಲೆ, ಒಣಗಿದ ಪುಡಿ ಕಂಡರೆ ಅಲ್ಲಿ ಸೋರುತ್ತಿದೆ ಎಂದರ್ಥ. ಸಣ್ಣ ಸೋರಿಕೆಯ ನೀರು ಬಿಸಿ ಎಂಜಿನ್ ಮೇಲೆ ಆವಿಯಾಗುವುದರಿಂದ ನೆಲದ ಮೇಲೆ ಹನಿ ಕಾಣದಿರಬಹುದು. ಬಾನೆಟ್ ತೆಗೆದಾಗ ಬರುವ ಸಿಹಿ ವಾಸನೆಯೂ ಒಂದು ಸುಳಿವು.

ಕಣ್ಣಿಗೆ ಕಾಣದಿದ್ದರೆ ಒತ್ತಡ ಪರೀಕ್ಷೆ ಮಾಡಿಸಬೇಕು. ರೇಡಿಯೇಟರ್ ಕ್ಯಾಪ್ ಜಾಗದಲ್ಲಿ ಸಣ್ಣ ಕೈಪಂಪ್ ಜೋಡಿಸಿ, ಕ್ಯಾಪ್ ಮೇಲೆ ನಮೂದಿಸಿದಷ್ಟು ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಎಲ್ಲಿಂದ ಎಂದು ಆಗ ಹುಡುಕುವುದು ಸುಲಭ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಹಿಂದೆಯೂ ಕೆಲವು ಎಂಜಿನ್‌ಗಳಲ್ಲಿ ಪ್ಲಗ್ ಇರುತ್ತದೆ. ಅದು ಸೋರಿದರೆ ಹನಿ ಗೇರ್‌ಬಾಕ್ಸ್ ಬಳಿ ಬೀಳುತ್ತದೆ, ಅದನ್ನು ಆಯಿಲ್ ಸೀಲ್ ಸೋರಿಕೆ ಎಂದು ತಪ್ಪು ತಿಳಿಯುವುದುಂಟು. ಬಿದ್ದದ್ದು ಆಯಿಲೋ ಕೂಲೆಂಟೋ ಎಂದು ಬಿಳಿ ಕಾಗದದ ಮೇಲೆ ಹಿಡಿದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಲಕ್ಷಣ ಬೇರೆ. ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ನಿಲ್ಲದೆ ಬಿಳಿ ಹೊಗೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗುವುದು, ಕೂಲೆಂಟ್‌ನಲ್ಲಿ ಗುಳ್ಳೆ ಏಳುವುದು. ಇವು ಯಾವುವೂ ಇಲ್ಲದೆ ಕೂಲೆಂಟ್ ಮಾತ್ರ ಇಳಿಯುತ್ತಿದ್ದರೆ, ಹೆಡ್ ಬಿಚ್ಚಿಸುವ ಮೊದಲು ಒತ್ತಡ ಪರೀಕ್ಷೆ ಕೇಳುವುದು ಜಾಣತನ.

ಬದಲಿಸುವಾಗ ಏನಾಗುತ್ತದೆ?

ಎಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ಪೂರ್ತಿ ಇಳಿಸುತ್ತಾರೆ. ಪ್ಲಗ್‌ಗೆ ಅಡ್ಡವಿರುವ ಸ್ಟಾರ್ಟರ್ ಮೋಟರ್ ಅಥವಾ ಮ್ಯಾನಿಫೋಲ್ಡ್ ಬಿಚ್ಚಬೇಕಾಗಬಹುದು. ಖರ್ಚಿನಲ್ಲಿ ದೊಡ್ಡ ಪಾಲು ಈ ಬಿಚ್ಚುವ ಕೂಲಿಯದ್ದೇ, ಪ್ಲಗ್‌ನ ಬೆಲೆ ತೀರಾ ಕಡಿಮೆ. ಪ್ಲಗ್‌ನ ಒಂದು ಅಂಚಿಗೆ ಮೊಂಡು ಪಂಚ್ ಇಟ್ಟು ಬಡಿದರೆ ಅದು ತೂತಿನಲ್ಲೇ ಅಡ್ಡ ತಿರುಗುತ್ತದೆ. ಆಗ ಇಕ್ಕಳದಿಂದ ಹಿಡಿದು ಎಳೆಯುತ್ತಾರೆ. ಜೋರಾಗಿ ಬಡಿದು ಅದನ್ನು ಒಳಗೆ ಬೀಳಿಸಬಾರದು. ನಂತರ ತೂತಿನ ಒಳ ಅಂಚನ್ನು ಎಮೆರಿ ಕಾಗದದಿಂದ ಹೊಳೆಯುವ ತನಕ ಉಜ್ಜಿ, ಸೀಲೆಂಟನ್ನು ತೆಳ್ಳಗೆ ಸವರಿ, ಅದೇ ಅಳತೆಯ ಹೊಸ ಪ್ಲಗ್ಗನ್ನು ಬಟ್ಟಲಿನ ಬಾಯಿ ಹೊರಗಿರುವಂತೆ ನೇರವಾಗಿ ಬಡಿದು ಕೂರಿಸುತ್ತಾರೆ. ಓರೆಯಾಗಿ ಕೂತರೆ ಮತ್ತೆ ಸೋರುತ್ತದೆ. ಕೊನೆಗೆ ಹೊಸ ಕೂಲೆಂಟ್ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಡಿಸಿ, ಇನ್ನೊಮ್ಮೆ ಒತ್ತಡ ಪರೀಕ್ಷೆ ಮಾಡಬೇಕು.

ಒಂದು ಪ್ಲಗ್ ತೂತಾಗಿದ್ದರೆ ಉಳಿದವಕ್ಕೂ ಅಷ್ಟೇ ವಯಸ್ಸು. ಕೈಗೆಟುಕುವಂಥವನ್ನು ಒಟ್ಟಿಗೇ ಬದಲಿಸುವುದು ಮೇಲು. ಹಿತ್ತಾಳೆಯ ಪ್ಲಗ್ ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ. ಬೋಲ್ಟ್ ಬಿಗಿದು ಹಿಗ್ಗಿಸುವ ರಬ್ಬರ್ ಪ್ಲಗ್ ದಾರಿ ಮಧ್ಯೆ ಕೈಕೊಟ್ಟಾಗ ಊರು ಸೇರಲು ಸಾಕು, ಅದನ್ನೇ ಕಾಯಂ ಮಾಡಿಕೊಳ್ಳಬಾರದು.

ಎರಡು ಎಚ್ಚರಿಕೆ

ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಲೇಬೇಡಿ. 15 ಪಿಎಸ್‌ಐ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಕ್ಯಾಪ್ ತೆಗೆದೊಡನೆ ಒತ್ತಡ ಇಳಿದು, ಒಳಗಿನದ್ದೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಇನ್ನೊಂದು, ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಇಳಿಸಿದ ಕೂಲೆಂಟನ್ನು ಚರಂಡಿಗೆ ಚೆಲ್ಲದೆ, ಮಕ್ಕಳು ಮತ್ತು ನಾಯಿ ಬೆಕ್ಕುಗಳ ಬಾಯಿಗೆ ಸಿಗದಂತೆ ಮುಚ್ಚಿಟ್ಟು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜ್‌ನಲ್ಲಿ ಅದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ ಕೊಡಿ.

ಕೂಲೆಂಟ್ ಎಷ್ಟು ಕಾಲಕ್ಕೆ ಬದಲಿಸಬೇಕು, ಯಾವ ಬಗೆಯದ್ದು ಹಾಕಬೇಕು ಎಂಬುದು ನಿಮ್ಮ ಕಾರಿನ ಕೈಪಿಡಿಯಲ್ಲಿದೆ. ಅದನ್ನು ಪಾಲಿಸಿ, ಬೆರೆಸಲು ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬಳಸಿದರೆ ಈ ಪ್ಲಗ್‌ಗಳು ಬಹುಕಾಲ ಬಾಳುತ್ತವೆ.