ಹಳೆಯ ಲ್ಯಾಪ್‌ಟಾಪಿನ ಪರೀಕ್ಷಾಕ್ರಮ

ಚಿಕ್ಕಬಳ್ಳಾಪುರ, ಗೌರಿಬಿದನೂರು ಮೊದಲಾದ ನಮ್ಮ ಊರುಗಳ ಗೃಹಸ್ಥರು ಮಕ್ಕಳ ವ್ಯಾಸಂಗಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಲ್ಯಾಪ್‌ಟಾಪುಗಳನ್ನು ಕೊಂಡುತರುವುದುಂಟು. ದೊಡ್ಡ ಕಂಪೆನಿಗಳು ನೌಕರರ ಉಪಯೋಗಕ್ಕಾಗಿ ಕೊಂಡು, ಕೆಲವು ವರ್ಷಗಳ ತರುವಾಯ ಮಾರಿಬಿಡುವ ಉತ್ತಮ ದರ್ಜೆಯ ಯಂತ್ರಗಳಿವು. ಅಗ್ಗದ ಹೊಸ ಯಂತ್ರಕ್ಕಿಂತ ಇವು ಅನೇಕ ವೇಳೆ ಗಟ್ಟಿಯಾದುವು, ರಿಪೇರಿಗೂ ಸುಲಭ. ಆದರೆ ಹಳೆಯದೆಲ್ಲವೂ ಗ್ರಾಹ್ಯವಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅನುಭವಸ್ಥರು ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಬೆಲೆ ಹೇಳುವರೇ? ಇಲ್ಲಿಯೂ ಪರೀಕ್ಷಿಸತಕ್ಕ ಅಂಗಗಳು ಮೂರು.

ಮೊದಲನೆಯದು ಕೀಲಿಮಣೆ. 2011ರ ಲೆನೊವೊ ಥಿಂಕ್‌ಪ್ಯಾಡ್ ಟಿ420ರ ಏಳು ಸಾಲಿನ ಕೀಲಿಮಣೆಯಷ್ಟು ಬೆರಳಿಗೆ ಹಿತವಾದುದು ವಿರಳ. 2012ರ ಟಿ430ರಲ್ಲಿ ಸಾಲುಗಳು ಆರಾದುವು. ಆದರೂ 2018ರ ಟಿ480ರ ಕೀಲಿಗಳು ಬರಹಕ್ಕೆ ಯೋಗ್ಯವಾಗಿಯೇ ಇವೆ. ಕನ್ನಡ ಬರೆಯುವವರು ಒಂದಂಶವನ್ನು ವಿಶೇಷವಾಗಿ ಗಮನಿಸಬೇಕು. ನುಡಿಯ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ‘ಎಫ್’ ಕೀಲಿಯೇ ಆಧಾರ. ‘ಸ್ತ್ರೀ’ ಎಂದು ಬರೆಯಲು ಅದನ್ನು ಎರಡು ಬಾರಿ ಒತ್ತಬೇಕು. ಒಂದಗುಳನ್ನು ಹಿಸುಕಿ ಅನ್ನ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ಸಲ್ಲದು. ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡತಕ್ಕದ್ದು.

ಎರಡನೆಯದು ತೆರೆ. ಟಿ480 ಎಂಬ ಒಂದೇ ಹೆಸರಿನಲ್ಲಿ 1366×768 ಚುಕ್ಕಿಗಳ ತೆರೆಯೂ ಉಂಟು, 1920×1080ರ ಸ್ಪಷ್ಟವಾದ ತೆರೆಯೂ ಉಂಟು, ಎರಡನೆಯದನ್ನೇ ಕೇಳಬೇಕು. ಎಚ್‌ಪಿ ಎಲೀಟ್‌ಬುಕ್ 840 ಜಿ5ರ ಕೆಲವು ಯಂತ್ರಗಳಲ್ಲಿ, ಪಕ್ಕದವರಿಗೆ ಕಾಣಿಸದಂತೆ ತೆರೆಯನ್ನು ಮಸುಕಾಗಿಸುವ ಏರ್ಪಾಡಿದೆ. ಕಚೇರಿಗೆ ಅದು ಗುಣ. ಇಬ್ಬರು ಮಕ್ಕಳು ಜೊತೆಯಾಗಿ ಕುಳಿತು ಓದುವ ಮನೆಗೆ ಹಾಗಲ್ಲ. ಆದುದರಿಂದ ತೆರೆಯನ್ನು ಪಕ್ಕದಿಂದಲೂ ನೋಡಬೇಕು.

ಮೂರನೆಯದು ವೇಗ, ಅದು ಪ್ರೊಸೆಸರಿನ ತಲೆಮಾರನ್ನು ಅವಲಂಬಿಸಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ, ಕೆಲವು ಅಪವಾದಗಳನ್ನು ಬಿಟ್ಟರೆ, ಇಂಟೆಲ್ಲಿನ ಎಂಟನೆಯ ಅಥವಾ ಅದರ ಮುಂದಿನ ತಲೆಮಾರು ಬೇಕು. ಟಿ420 ಎರಡನೆಯ ತಲೆಮಾರಿನದು. ಟಿ480ರಲ್ಲಿ ಏಳನೆಯದೂ ಉಂಟು, ಎಂಟನೆಯದೂ ಉಂಟು. ಹೆಸರನ್ನು ನೋಡಿ ಮೋಸಹೋಗಬಾರದು. ‘ಐ5-8250ಯು’ ಎಂಬಂತೆ ಸಂಖ್ಯೆಯು ಎಂಟರಿಂದ ಆರಂಭವಾಗಿರಲಿ. ಇಂತಹುದಕ್ಕೆ ನಾಲ್ಕು ಕೋರುಗಳು; ಏಳನೆಯ ತಲೆಮಾರಿನ ಅದೇ ವರ್ಗಕ್ಕೆ ಎರಡೇ.

ಬರವಣಿಗೆಯೊಂದೇ ಉದ್ದೇಶವಾದರೆ, ಲಿನಕ್ಸ್ ಹಾಕಿದ ಟಿ420 ಇಂದಿಗೂ ಸಾಕು. ವಿದ್ಯಾರ್ಥಿಗೆ ಎಂಟನೆಯ ತಲೆಮಾರಿನ ಟಿ480 ಲೇಸು. ಅದರ ಹಿಂಬದಿಯ ಬ್ಯಾಟರಿಯನ್ನು ನಾವೇ ತೆಗೆದು ಬದಲಿಸಬಹುದು. ದೋಷವು ಮನೆಯಲ್ಲಿ ಕಂಡರೆ ಚಿಂತಾಮಣಿಯವರಿಗೆ ಮತ್ತೊಂದು ದಿನದ ಪ್ರಯಾಣ. ಆದುದರಿಂದ ಹಣ ಕೊಡುವ ಮೊದಲು, ಉಪಯೋಗಿಸುವ ಮಗುವನ್ನೇ ಅಂಗಡಿಯಲ್ಲಿ ಕುಳ್ಳಿರಿಸಿ ಒಂದು ಪುಟ ಕನ್ನಡವನ್ನು ಬರೆಯಿಸಿ ನೋಡುವುದು ಉತ್ತಮ.